ಸೂರಿನ ದೋಣಿಯಲ್ಲಿ ಸಿಕ್ಕ ಮಂಗ

ಮಳೆಗಾಲಕ್ಕೆ ಮುಂಚೆ ಸೂರಿನ ದೋಣಿಯನ್ನು ಕೆಲಸ ಬಲ್ಲವರಿಂದಲೇ ಸ್ವಚ್ಛ ಮಾಡಿಸಿ ಎಂದು ನಾನು ಕಂಡಕಂಡವರಿಗೆ ಹೇಳುತ್ತೇನೆ. ಹೆಂಚಿನ ಮೇಲಿನ ನೀರನ್ನು ಹಿಡಿದು ಹೊರಗೆ ಬಿಡುವ ಆ ತಗಡಿನ ಕಾಲುವೆಯಲ್ಲಿ ಏನಿದೆ ಎನ್ನುವುದು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಹೊಸನಗರದ ಈ ಹೆಂಗಸಿಗೆ ಬೇರೆ ಮಾತೇ ಇಲ್ಲವೇ ಎಂಬಂತೆ ಜನ ನೋಡುತ್ತಾರೆ. ಇಲ್ಲ, ಬೇರೆ ಮಾತಿಲ್ಲ.

ನಮ್ಮನೆಯವರು ಸಾಗರ, ಹೊಸನಗರ, ತೀರ್ಥಹಳ್ಳಿ ಮಾರ್ಗದ ಬಸ್ಸಿನ ಡ್ರೈವರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಹಾಗೆ. ಯಾರದೋ ಔಷಧಿ, ಯಾರದೋ ಮದುವೆಯ ಹೂವು ಎಲ್ಲ ಅವರ ಸೀಟಿನ ಪಕ್ಕದಲ್ಲೇ ಬರುತ್ತಿತ್ತು. ಮನೆಗೆ ತೆಂಗಿನಕಾಯಿ ತರುವುದು ಮಾತ್ರ ಮರೆಯುತ್ತಿತ್ತು. ಅದೇ ಸೀಟಿನ ಹಿಂದೆ, ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ ಎಂಬ ಕಾಗದ ಅಂಟಿಸಿತ್ತು. ಮಂಗನ ಕಾಯಿಲೆ ನಮ್ಮ ಸೀಮೆಗೆ ಹೊಸದಲ್ಲ. ಬೇಸಿಗೆ ಬಂತೆಂದರೆ ಅದರ ಸುದ್ದಿಯೂ ಬರುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದಾಗ ದೋಣಿ ಉಕ್ಕಿ ನೀರು ಅಡಿಗೆಮನೆಯ ಗೋಡೆಗೆ ಇಳಿಯಿತು. ಜೊತೆಗೆ ನಾತ. ದೋಣಿ ಕೆಲಸದವನು ತೀರ್ಥಹಳ್ಳಿ ಕಡೆ ಕೆಲಸ ಹಿಡಿದಿದ್ದ, ಮುಂದಿನ ವಾರ ಬರುತ್ತೇನೆ ಎಂದ. ಇವರಿಗೆ ಅಷ್ಟು ತಾಳ್ಮೆ ಎಲ್ಲಿ? ಏಣಿ ಇಟ್ಟು ಹತ್ತಿದರು. ಹಲಸಿನ ಎಲೆಗಳ ರಾಶಿಯಡಿ ಒಂದು ಮಂಗ ಸತ್ತು ಬಿದ್ದಿತ್ತು.

“ರೀ, ಮುಟ್ಬೇಡಿ. ಆಸ್ಪತ್ರೆಗೆ ಫೋನ್ ಮಾಡಾಣ,” ಎಂದೆ.

“ಅದು ಕಾಡು ಮಂಗಕ್ಕೆ ಬರೋ ಕಾಯ್ಲೆ ಮಾರಾಯ್ತಿ. ಇದು ಪೇಟೆ ಮಂಗ. ನಮ್ಮನೆ ಹಲಸು ತಿಂದ್ಕಂಡೇ ಬೆಳ್ದಿದ್ದು.”

“ಪೇಟೆ ಮಂಗ ಕಾಡಿಗೆ ಹೋಗಲ್ವಾ?”

“ಆಸ್ಪತ್ರೆಯವ್ರು ಬಂದ್ರೆ ಇದನ್ನ ಸುಟ್ಟು ಹಾಕ್ತಾರೆ. ಹನುಮಂತನ್ನ ಹಂಗೆಲ್ಲ ಕಳ್ಸಕ್ಕಾಗುತ್ತಾ?”

ನನ್ನ ಮಾತು ಗೋರ್ಕಲ್ಲ ಮೇಲೆ ಮಳೆ ಹೊಯ್ದಂತಾಯಿತು. ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು ಕೆಳಗಿಳಿಸಿದರು. ಕೇರಿಯವರು ಹೂವು, ಊದುಬತ್ತಿ ತಂದು ದೂರದಿಂದ ಕೈಮುಗಿದರು. ಹಿತ್ತಲಲ್ಲಿ ಹೊಂಡ ತೆಗೆದು ಮಲಗಿಸಿ, ಬಾಯಿಗೆ ಹಾಲು ಬಿಟ್ಟವರು ಇವರೊಬ್ಬರೇ. ಸತ್ತ ಮಂಗನ ಮೈಯಿಂದ ಉಣುಗು ಉದುರುತ್ತವೆ, ಅವು ಕಚ್ಚಿದರೆ ಕಾಯಿಲೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಒಬ್ಬರೂ ಬಾಯಿ ಬಿಡಲಿಲ್ಲ. ಭಕ್ತಿಯ ಎದುರು ಮಾತಾಡಲು ನಮ್ಮ ಜನಕ್ಕೆ ಮುಜುಗರ.

ವಾರದೊಳಗೆ ಇವರಿಗೆ ಜ್ವರ ಬಂತು. ಮೈಯೆಲ್ಲ ಕೊಡಲಿಯಲ್ಲಿ ಕಡಿದ ಹಾಗಿದೆ ಎಂದು ನರಳಿದರು. ರಕ್ತ ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ತಿಳಿಯಿತು. ಆಮೇಲೆ ಜ್ವರ ಬಿಟ್ಟಿತು. ಗಂಜಿ ಸಾಕು, ಅಪ್ಪೆಹುಳಿ ಮಾಡು ಎಂದರು. ನಾನು ಹುಚ್ಚಿ, ದೇವರಿಗೆ ತುಪ್ಪದ ದೀಪ ಹಚ್ಚಿದೆ. ಇದು ಬಿಟ್ಟ ಹಾಗೆ ಮಾಡಿ ಮರಳುವುದುಂಟು ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಇಳಿದಿರಲೇ ಇಲ್ಲ.

ಮರಳಿತು. ಕೈ ನಡುಗತೊಡಗಿತು. ಮಂಚದ ಮೇಲೆ ಕೂತು, ಇಲ್ಲದ ಗೇರ್ ಹಾಕುತ್ತ, “ಎಲ್ಲಿ ಇಳೀಬೇಕಮ್ಮ ನೀವು?” ಎಂದು ನನ್ನನ್ನೇ ಕೇಳಿದರು. ಘಟ್ಟದ ಕೆಳಗಿನ ಆಸ್ಪತ್ರೆಯಿಂದ ಹೆಣವಾಗಿ ಬಂದರು.

“ಹನುಮಂತನ ಸೇವೆ ಮಾಡಿದ ಪುಣ್ಯಾತ್ಮ,” ಎಂದು ಕೇರಿಯವರು ಗೇಟಿನಾಚೆಯೇ ನಿಂತು ಹೇಳಿದರು. ಒಳಗೆ ಬರಲಿಲ್ಲ. ಆ ಪುಣ್ಯವನ್ನು ನೀವೇ ಇಟ್ಟುಕೊಳ್ಳಿ ಎಂದು ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ.

ಈಗ ಪ್ರತಿ ಬೇಸಿಗೆ ದೋಣಿ ಕೆಲಸದವನಿಗೆ ಮೊದಲೇ ಹೇಳಿಡುತ್ತೇನೆ. ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಗಂಬೂಟು ಇಲ್ಲದೆ ಏಣಿ ಮುಟ್ಟಗೊಡುವುದಿಲ್ಲ. ಮೊದಲು ಉದ್ದ ಕೋಲಿನಿಂದ ಎಲೆ ಸರಿಸಿ ನೋಡಬೇಕು. ಆಮೇಲೆ ಕೆರೆಯಬೇಕು. ಕಡೆಗೆ ನೀರು ಬಿಟ್ಟು, ಅದು ಹರಿಯುವುದನ್ನು ನನಗೆ ತೋರಿಸಬೇಕು. ಹೋದ ತಿಂಗಳು ಅವನು ಮೇಲಿನಿಂದ ಕೂಗಿದ: “ಅಮ್ಮಾ, ಏನೂ ಇಲ್ಲ. ಬರೀ ಎಲೆ.”

ಒಳ್ಳೇದಾಯ್ತಪ್ಪ ಎನ್ನಬೇಕಿತ್ತು. ಅವತ್ತೂ ಬರೀ ಎಲೆ ಇರಬಾರದಿತ್ತೇ ಎಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.