ದುರ್ಗಾಂಬಿಕೆಯ ಬೋಲ್ಟ್ ತಟ್ಟೆ

ದುರ್ಗಾಂಬಿಕೆಯನ್ನು ಸರಕಿನಂತೆ ತಕ್ಕಡಿಗೆ ಹಾಕಿದರೆ ಮೂರು ಗೇರ್ ಸೈಕಲ್ಲಿನ ತೂಕ ತೂಗಿಯಾಳು, ಅಷ್ಟೇ. ಎತ್ತರ ಐದಡಿಗೆ ಒಂದಂಗುಲ ಕಮ್ಮಿ. ವಯಸ್ಸು ಮೂವತ್ತೈದು, ಅಂದರೆ ಅರ್ಧ ಓಡಿದ ಮಾಲು. ಸ್ಪ್ಯಾನರ್ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಚಪ್ಪಟೆಯಾಗಿದೆ. ಬಾಯಿಗೆ ಬ್ರೇಕ್ ಇಲ್ಲ. ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕೂತರೂ ಹಿಮ್ಮಡಿ ನೆಲ ಕುಟ್ಟುತ್ತಿರುತ್ತದೆ. ಬುದ್ಧಿಯಿರುವ ವ್ಯಾಪಾರಿ ಯಾರೂ ಕೈ ಹಾಕುವ ಸರಕಲ್ಲ. ಚನ್ನಗಿರಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮಹೇಶ್ವರಪ್ಪ ಏಳು ವರ್ಷದ ಹಿಂದೆ ಕೈ ಹಾಕಿದ. ಕಮ್ಮಿ ಸಂಬಳಕ್ಕೆ ಒಪ್ಪಿದಳೆಂಬುದೊಂದೇ ಕಾರಣ. ಆಗ ತನ್ನನ್ನು ತಾನು ಬಹಳ ಜಾಣನೆಂದುಕೊಂಡಿದ್ದ.

ಆಕೆಯ ತವರು ಜಗಳೂರು. ಮದುವೆಗೆ ಮುಂಚೆ ಆರು ವರ್ಷ ಹೊರರಾಜ್ಯದ ಸೈಕಲ್ ಕಾರ್ಖಾನೆಯಲ್ಲಿ, ಗುಡ್ಡ ಹತ್ತುವ ದಪ್ಪ ಟೈರಿನ ಸೈಕಲ್ಲುಗಳಿಗೆ ಬ್ರೇಕು, ಗೇರು ಕೂರಿಸುತ್ತಿದ್ದಳು. ಅಲ್ಲಿಂದ ಒಂದು ಚಾಳಿ ಹೊತ್ತು ತಂದಳು. ಗೇರ್ ಸೈಕಲ್ ಅಂಗಡಿಗೆ ಬರುವುದು ಅರ್ಧ ಕಟ್ಟಿದ ಸ್ಥಿತಿಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ. ಉಳಿದರ್ಧ ಅಂಗಡಿಯವರೇ ಕಟ್ಟಬೇಕು. ದುರ್ಗಾಂಬಿಕೆ ಪೆಟ್ಟಿಗೆಯ ಬೋಲ್ಟುಗಳನ್ನೆಲ್ಲ ಒಂದು ಸ್ಟೀಲಿನ ಊಟದ ತಟ್ಟೆಗೆ ಸುರಿದುಕೊಳ್ಳುತ್ತಾಳೆ. ಆ ತಟ್ಟೆ ಖಾಲಿಯಾಗದೆ ಇನ್ನೊಂದು ಪೆಟ್ಟಿಗೆ ಮುಟ್ಟುವುದಿಲ್ಲ. ಗಿರಾಕಿ ಎದುರಿಗೆ ನಿಂತು ಗಡಿಯಾರ ನೋಡಿಕೊಂಡರೂ ಇಲ್ಲ.

ಕಳೆದ ಶ್ರಾವಣದ ಒಂದು ಶನಿವಾರ ಮೂವರು ಗಿರಾಕಿಗಳು ಒಟ್ಟಿಗೇ ಬಂದರು. ಹೊನ್ನಾಳಿಯ ಅರುಣ್ ಕುಮಾರ್, ನ್ಯಾಮತಿ ಕಡೆಯ ಗೋವಿನಕೋವಿಯ ಗುರುಬಸವರಾಜ್, ಜಗಳೂರಿನ ಮಾರುತೇಶ್. ಮಾರುತೇಶನದು ಗುಡ್ಡದ ಕಾಡು ಕಾಯುವ ಕೆಲಸ. ದಾವಣಗೆರೆಯ ದೊಡ್ಡ ಅಂಗಡಿಗಳನ್ನೆಲ್ಲ ದಾಟಿಕೊಂಡು, ‘ನಮ್ಮೂರ ದುರ್ಗಕ್ಕ ಕಟ್ಟಿದ ಗಾಡಿನೇ ಬೇಕು’ ಎಂದು ಬಂದಿದ್ದ.

ಮೂವರೂ ಎಲ್ಲಿ ಎದ್ದು ಹೋಗುತ್ತಾರೋ ಎಂದು ಮಹೇಶ್ವರಪ್ಪನಿಗೆ ಪುಕಪುಕ. ತಾನೇ ಮೂರೂ ಪೆಟ್ಟಿಗೆ ಹರಿದು ಬೋಲ್ಟುಗಳನ್ನೆಲ್ಲ ಒಂದೇ ತಟ್ಟೆಗೆ ಸುರಿದ.

‘ಏನ್ ಮಾಡಿದ್ರಿ ಸಾವ್ಕಾರ್ರೇ!’

‘ಬೋಲ್ಟಿಗೇನು ಹೆಸರು ಬರ್ದೈತಾ? ಮೂರನ್ನೂ ಒಟ್ಟಿಗೆ ಕಟ್ಟವ್ವ, ನಿನ್ನ ತಟ್ಟೆ ಪೂಜೆ ಆಮೇಲೆ ಮಾಡೀಯಂತೆ.’

ಆಕೆ ಗೊಣಗುತ್ತಲೇ ಇದರ ಹ್ಯಾಂಡಲ್ಲು, ಅದರ ಪೆಡಲ್ಲು ಎಂದು ಮೂರರ ನಡುವೆ ಓಡಾಡಿ ಕಟ್ಟಿದಳು. ಸಂಜೆಗೆ ತಟ್ಟೆ ಖಾಲಿಯಾಗಿತ್ತು, ಗಿರಾಕಿಗಳು ಗಾಡಿಗಳನ್ನು ಒಯ್ದಿದ್ದರು.

ಭಾನುವಾರ ಬೆಳಿಗ್ಗೆ ದುರ್ಗಾಂಬಿಕೆ ಮನೆಯಲ್ಲಿ ತನ್ನ ಸ್ಪ್ಯಾನರ್ ಸಾಮಾನಿನ ಚೀಲ ಕೊಡವಿದಾಗ ಅದರ ಮಡಿಕೆಯಿಂದ ಒಂದು ಬೋಲ್ಟು ಟಣ್ಣೆಂದು ನೆಲಕ್ಕೆ ಬಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು: ಮುಂದಿನ ಗಾಲಿಯ ಡಿಸ್ಕ್ ಬ್ರೇಕನ್ನು ಹಿಡಿದಿಡುವ ಬೋಲ್ಟು. ಅಂಥವು ಗಾಡಿಗೆ ಎರಡೇ. ಒಂದಿಲ್ಲದಿದ್ದರೆ ಉಳಿದದ್ದು ಎರಡು ದಿನ ತಡೆದೀತು. ಆಮೇಲೆ ಬ್ರೇಕು ತಿರುಗಿ ಕಡ್ಡಿಗೆ ಸಿಕ್ಕಿ, ಓಡುವ ಗಾಲಿ ನಿಂತು, ಕೂತವನು ಮುಂದಕ್ಕೆ ಮುಗ್ಗರಿಸುತ್ತಾನೆ. ಮೂರರಲ್ಲಿ ಯಾವುದರದು? ಬೋಲ್ಟಿಗೆ ಹೆಸರು ಬರೆದಿರಲಿಲ್ಲ.

ಮಹೇಶ್ವರಪ್ಪನಿಗೆ ಫೋನ್ ಮಾಡಿದಳು.

‘ಕಂಪನಿಯೋರು ಒಂದು ಹೆಚ್ಚಿಗೆ ಹಾಕಿರ್ತಾರೆ ಬಿಡು. ಇಲ್ಲಾಂದ್ರೆ ಅವರಿಗೇ ಫೋನ್ ಹಚ್ಚಿ ಕೇಳು.’

ಕೇಳಿದಳು. ಅರುಣ್ ಕುಮಾರ್ ಹಾಸಿಗೆಯಿಂದ ಏಳದೆಯೇ ‘ಎಲ್ಲಾ ಟೈಟಾಗೈತೆ’ ಎಂದ. ಗೋವಿನಕೋವಿಯಲ್ಲಿ ಫೋನ್ ಎತ್ತಿದ್ದು ಗುರುಬಸವರಾಜನ ಅತ್ತೆ ಕಸ್ತೂರಮ್ಮ. ಆಕೆಗೆ ಬ್ರೇಕ್ ಯಾವುದು, ಬೆಲ್ ಯಾವುದು ಎಂಬುದೇ ತಿಳಿಯದು. ಮಾರುತೇಶನ ಫೋನು ಸ್ವಿಚ್ ಆಫ್.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಅದು ಬರುವ ತನಕ ಕಾಯುವ ತಾಳ್ಮೆ ಅಂದು ದುರ್ಗಾಂಬಿಕೆಗೆ ಇರಲಿಲ್ಲ. ಮೊದಲು ಸಿಕ್ಕಿದ ಪ್ರೈವೇಟ್ ಬಸ್ ಹತ್ತಿ ಹೊನ್ನಾಳಿಗೆ ಹೋದಳು. ಅರುಣ್ ಕುಮಾರನ ಗಾಡಿಯಲ್ಲಿ ಎರಡೂ ಬೋಲ್ಟಿದ್ದವು. ಕೊಟ್ಟ ಕಾಫಿ ಆರುವಷ್ಟರಲ್ಲಿ ಆಕೆ ಗೋವಿನಕೋವಿಯ ಹಾದಿ ಹಿಡಿದಿದ್ದಳು.

ಅಲ್ಲಿ ಗುರುಬಸವರಾಜನ ಹೊಸ ಸೈಕಲ್ ಜಗಲಿಯ ಮೇಲೆ ನಿಂತಿತ್ತು. ಹ್ಯಾಂಡಲ್ ಮೇಲೆ ಒದ್ದೆ ಟವಲ್, ಸೀಟಿನ ಮೇಲೆ ಬನಿಯನ್.

‘ಹೊಟ್ಟೆ ಕರಗಿಸ್ತೀನಿ ಅಂತ ತಂದಾರವ್ವ ನಮ್ಮ ಅಳಿಯಂದಿರು,’ ಎಂದರು ಕಸ್ತೂರಮ್ಮ. ‘ನಿನ್ನೆಯಿಂದ ನಮಗೆ ಬಟ್ಟೆ ಒಣಗ್ಸಾಕೆ ಅನುಕೂಲ ಆಗೈತೆ. ಕೂತ್ಕೋ, ರೊಟ್ಟಿ ತಿಂದು ಹೋಗು.’

ಟವಲ್ ಸರಿಸಿ ಬಗ್ಗಿ ನೋಡಿದಳು. ಎರಡೂ ಇದ್ದವು. ಇನ್ನುಳಿದದ್ದು ಜಗಳೂರಿನದು, ಮೂರರಲ್ಲಿ ಗುಡ್ಡ ಇಳಿಯುವ ಗಾಡಿ ಅದೊಂದೇ. ರೊಟ್ಟಿಗೆ ಕೂರಲಿಲ್ಲ.

ಹೊನ್ನಾಳಿಗೆ ಮರಳಿ, ದಾವಣಗೆರೆಯಲ್ಲಿ ಇಳಿದು, ಮತ್ತೆ ಹತ್ತಿದಳು. ಬಸ್ಸು ನಿಂತಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ‘ಕೂತ್ಕಳ್ರೀ ಅಕ್ಕಾ, ನೀವು ನಿಂತ್ರೆ ಬಸ್ ಜೋರಾಗಿ ಓಡಲ್ಲ,’ ಎಂದ ಕಂಡಕ್ಟರ್. ಬೋಲ್ಟು ಮುಷ್ಟಿಯಲ್ಲೇ ಇತ್ತು. ಅಂಗೈಯಲ್ಲಿ ಅದರ ಸುತ್ತುಗೆರೆಗಳ ಗುರುತು ಮೂಡಿತ್ತು.

ಮಾರುತೇಶನ ತಾಯಿ ಗಾದ್ರಮ್ಮ, ‘ಹೊಸ ಗಾಡಿ ತಗೊಂಡು ಗುಡ್ಡಕ್ಕೆ ಹೋಗ್ಯಾನೆ, ಬರೋ ಹೊತ್ತಾತು,’ ಎಂದಳು. ದುರ್ಗಾಂಬಿಕೆ ಆಟೋ ಹಿಡಿದು ಗುಡ್ಡದ ಬುಡಕ್ಕೆ ಹೋಗಿ ಕಾಲುದಾರಿ ಹತ್ತತೊಡಗಿದಳು. ಎರಡನೇ ತಿರುವಿನಲ್ಲಿ ಅವನು ಕಂಡ, ಸೀಟಿ ಹಾಕುತ್ತ ಇಳಿಯುತ್ತಿದ್ದ. ದಾರಿಯ ನಡುವೆ ಎರಡೂ ಕೈ ಚಾಚಿ ನಿಂತು ಕೂಗಿದಳು:

‘ಮುಂದಿಂದು ಹಿಡೀಬ್ಯಾಡ! ಹಿಂದಿನ ಬ್ರೇಕು, ಹಿಂದಿನ ಬ್ರೇಕು ಹಿಡಿಯೋ!’

ಜಲ್ಲಿ ಕೆದರಿಕೊಂಡು ಗಾಡಿ ಆಕೆಯ ಸೆರಗಿಗೆ ತಗುಲಿ ನಿಂತಿತು. ಮುಂದಿನ ಬ್ರೇಕು ಒಂದೇ ಬೋಲ್ಟಿನ ಮೇಲೆ ವಾಲಿತ್ತು. ಕಡ್ಡಿಗೂ ಅದಕ್ಕೂ ನಡುವೆ ಒಂದು ಉಗುರು ತೂರುವಷ್ಟು ಜಾಗ.

‘ಕಿರ್ ಅಂತಿತ್ತು ದುರ್ಗಕ್ಕ. ಹೊಸದಲ್ವಾ, ಹಂಗೇ ಇರ್ಬೇಕು ಅನ್ಕೊಂಡೆ,’ ಎಂದ. ಇಳಿದು ಬಗ್ಗಿ ನೋಡಿದ. ‘ಇದು ಹೆಂಗಾತು?’

‘ನಾನೇ ಮರೆತಿದ್ದೆ ಕಣೋ,’ ಎಂದಳು. ಬೋಲ್ಟು ಕೂರಿಸಿ, ಸ್ಪ್ಯಾನರಿನಿಂದ ಎರಡೆರಡು ಸಲ ಬಿಗಿದು ನೋಡಿದಳು.

ಸೋಮವಾರ ಬೆಳಿಗ್ಗೆ ಮಹೇಶ್ವರಪ್ಪ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಹಿಮ್ಮಡಿ ಎಂದಿನಂತೆ ನೆಲ ಕುಟ್ಟುತ್ತಿತ್ತು. ನಡೆದದ್ದನ್ನು ಕೇಳಿ ಅವನು ಹೇಳಿದ:

‘ಸುರಿದೋನು ನಾನಲ್ವೇನವ್ವ? ನನ್ನ ಹೆಸರು ಹೇಳ್ಬೇಕಿತ್ತು.’

‘ಹೇಳಿದ್ರೆ ಜಗಳೂರಿಂದ ನಿಮ್ಮ ಅಂಗಡೀಗೆ ಇನ್ಯಾರು ಬರ್ತಾರ್ರೀ? ಬಿಡ್ರಿ, ಕಟ್ಟಿದ ಕೈ ನಂದೇ ಐತಲ್ಲ,’ ಎಂದು ತಟ್ಟೆ ಎದುರಿಗೆ ಎಳೆದುಕೊಂಡಳು.

ಆ ಮಹೇಶ್ವರಪ್ಪ ನಾನೇ. ಆಕೆಯ ತವರಿನಲ್ಲಿ ಈಗ ‘ದುರ್ಗಕ್ಕ ಬೋಲ್ಟ್ ಮರೆತಳಂತೆ’ ಎಂಬ ಮಾತಿದೆ; ಆಮೇಲೆ ಅಲ್ಲಿಂದ ಯಾರೂ ಆಕೆಯ ಹೆಸರು ಹೇಳಿಕೊಂಡು ಗಾಡಿ ಕೇಳಲು ಬಂದಿಲ್ಲ. ಜಗಳೂರಿಗೆ ಹೋಗಿ, ಮೂರು ಪೆಟ್ಟಿಗೆಯನ್ನು ಒಂದೇ ತಟ್ಟೆಗೆ ಸುರಿದವನು ನಾನೆಂದು ಮಾರುತೇಶನ ಎದುರು ಹೇಳುವುದನ್ನು ನಾನು ದುರ್ಗಾಂಬಿಕೆಗೆ ಇನ್ನೂ ಬಾಕಿ ಉಳಿಸಿಕೊಂಡಿದ್ದೇನೆ.