ಬೋಟಿನ ಉಡದಾರ

ಭಾನುವಾರ ಸವದತ್ತಿಯ ಹಿನ್ನೀರಿಗೆ ಬರುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತೇಲುವ ಜಾಕೀಟು ಕೊಟ್ಟರೆ ಹೆಗಲಿಗೆ ನೇತುಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಪಟ್ಟಿ ಬಿಗಿದರೆ ಹೊಸ ಅಂಗಿ ಕಾಣುವುದಿಲ್ಲವಂತೆ! ಹೊಟ್ಟೆ ಮುಂದೆ ಮಾಡಿ, ಬೋಟಿನಲ್ಲಿ ನಿಂತೇ ಬರುತ್ತೇವೆ ಎನ್ನುತ್ತಾರೆ. ಇಂಥ ಶೂರರನ್ನು ಬೈಯಲು ನನಗೆ ಬಾಯಿ ತುಂಬ ಮಾತಿದೆ, ಹಕ್ಕು ಮಾತ್ರ ಇಲ್ಲ. ಅವರೆಲ್ಲರಿಗೂ ಹಿರಿಯಣ್ಣ ನಾನೇ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹೂಲಿಯಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ನಾನು. ನನ್ನ ತಂಗಿ ಕಾರವಾರದ ಕಡೆ ಹೋಗಿ ಬೋಟು ಓಡಿಸುವ ತರಬೇತಿ ಮುಗಿಸಿ ಬಂದಳು. ಹಿನ್ನೀರಿನಲ್ಲಿ ಬೋಟು ಇಟ್ಟಿದ್ದ ಮಾಲಕರು ಜೆಟ್ ಬೋಟಿನ ಕೀಲಿಯನ್ನು ಆಕೆಗೆ ಕೊಟ್ಟರು. ಆಕೆಯ ಹಿಂದೆಯೇ ಅಲ್ಲಿಗೆ ಸೇರಿದ ನನಗೆ ಸಿಕ್ಕದ್ದು ಗಿರಾಕಿಗಳಿಗೆ ಜಾಕೀಟು ಕಟ್ಟುವ ಕೆಲಸ. ಆಕೆ ಊಟಕ್ಕೆ ಕುಳಿತಾಗ ಮಾತ್ರ ನಾನು ಓಡಿಸಬಹುದಿತ್ತು.

ಆಕೆಯೇ ಕಲಿಸಿದಳು. ಈ ಬೋಟು ಹೊಟ್ಟೆಯಡಿಯಿಂದ ನೀರು ಎಳೆದು ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವ ನೀರೇ ಅದನ್ನು ಓಡಿಸುವುದು, ಅದೇ ತಿರುಗಿಸುವುದು. "ಅಣ್ಣಾ, ಇದು ಟ್ರ್ಯಾಕ್ಟರ್ ಅಲ್ಲೋ. ಎದುರಿಗೆ ಏನರ ಬಂತಂತ ರೇಸ್ ಪೂರಾ ಬಿಟ್ಟಿ ಅಂದ್ರ ನೀರ ಚಿಮ್ಮಂಗಿಲ್ಲ, ಬೋಟ ತಿರಗಂಗಿಲ್ಲ, ನೆಟ್ಟಗ ಹೋಗಿ ಬಡಿತೈತಿ."

"ಹೌದವ್ವಾ, ಇನ್ನ ಗಾಡಿ ಹೊಡಿಯೂದು ನಿನ್ನ ಕಡಿಂದ ಕಲೀಬೇಕು ನಾ."

ಬೋಟಿನಲ್ಲಿ ಒಂದು ಕೆಂಪು ದಾರವಿತ್ತು. ಒಂದು ತುದಿ ಇಂಜಿನ್ ನಿಲ್ಲಿಸುವ ಗುಂಡಿಗೆ, ಇನ್ನೊಂದು ಓಡಿಸುವವನ ಮಣಿಕಟ್ಟಿಗೆ. ಓಡಿಸುವವನು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ಕೂಸಿನ ಸೊಂಟಕ್ಕೆ ಕಟ್ಟಿದ ದಾರದ ಹಾಗೆ ತಂಗಿ ದಿನವೂ ಅದನ್ನು ಎಳೆದೆಳೆದು ನೋಡುತ್ತಾಳೆಂದು ನಾನು ಅದಕ್ಕೆ ಉಡದಾರ ಎಂದು ಹೆಸರಿಟ್ಟೆ. ದಂಡೆಯ ಮೇಲೆ ಎಲ್ಲರೂ ನಕ್ಕರು. ಹೆಸರು ಉಳಿಯಿತು.

ಒಂದು ದಿನ ಬೈಲಹೊಂಗಲದಿಂದ ಮೂವರು ಗೆಳೆಯರು ಬಂದರು. ತಂಗಿ ಸ್ಟೇರಿಂಗ್ ಮುಂದೆ ಕುಳಿತದ್ದನ್ನು ನೋಡಿ ಒಬ್ಬ ಕೇಳಿದ: "ಹೆಣ್ಣಮಗಳು ಓಡಸ್ತಾಳೇನ್ರಿ? ನಾವು ಮೋಜು ಮಾಡಾಕ ಬಂದೇವಿ, ಸಾಯಾಕಲ್ಲ."

"ಹಂಗಾರ ಜಾಕೀಟ್ ಬಿಗಿ ಮಾಡ್ಕೋರಿ," ಎಂದಳು ಆಕೆ.

"ಸಣ್ಣವರಿದ್ದಾಗಿಂದ ಬಾವ್ಯಾಗ ಜಿಗದೇವಿ. ನಮಗ ಈಜ ಬರತೈತಿ."

"ತೆಲಿಗೆ ಪೆಟ್ಟ ಬಿದ್ದು ಎಚ್ಚರ ತಪ್ಪಿದ್ರ ಯಾರ ಈಜತಾರ್ರಿ?"

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. "ಇಳಿಯವ್ವಾ, ಗಂಡಸರು ಅಂಜಾಕ ಹತ್ಯಾರ." ಗಿರಾಕಿ ಕೈತಪ್ಪಬಾರದೆಂದು ಮಾಲಕರೂ ನೀನೇ ಓಡಿಸು ಎಂಬಂತೆ ನನ್ನತ್ತ ತಲೆಯಾಡಿಸಿದರು. ತಂಗಿ ಇಳಿದು, ಉಡದಾರವನ್ನು ನನ್ನ ಕೈಯಲ್ಲಿ ಇಟ್ಟಳು. ಅದರ ಕುಣಿಕೆಯನ್ನು ಆಕೆಗೆ ಕಾಣುವಂತೆಯೇ ಸ್ಟೇರಿಂಗಿಗೆ ಸಿಕ್ಕಿಸಿದೆ. ನಾನೇನು ಕೂಸೇ?

ನೀರ ನಡುವೆ ಮೀನು ಹಿಡಿಯುವವನ ತೆಪ್ಪ ಎದುರಾಯಿತು. ಟ್ರ್ಯಾಕ್ಟರ್ ಓಡಿಸಿದ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು: ವೇಗ ತಗ್ಗಿಸಲೆಂದು ರೇಸ್ ಪೂರ್ತಿ ಬಿಟ್ಟಿತು. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಬೋಟು ನೆಟ್ಟಗೆ ತೆಪ್ಪದ ಮೇಲೆಯೇ ಹೊರಟಿತು. ಗಾಬರಿಯಾಗಿ ಮತ್ತೆ ಪೂರ್ತಿ ರೇಸ್ ಕೊಟ್ಟೆ. ಬೋಟು ಗಿರಕ್ಕನೆ ತಿರುಗಿ, ತೆಪ್ಪವನ್ನು ತಪ್ಪಿಸಿ, ನನ್ನನ್ನು ನೀರಿಗೆ ಎಸೆಯಿತು. ನಾನು ಬಿದ್ದೆ, ಉಡದಾರ ಬೀಳಲಿಲ್ಲ. ಇಂಜಿನ್ ನಿಲ್ಲಲಿಲ್ಲ. ಮೂವರನ್ನು ಹೊತ್ತುಕೊಂಡು ಬೋಟು ದಂಡೆಯ ಕಲ್ಲಿಗೆ ಹೋಗಿ ಬಡಿಯಿತು. ಬಾವಿಯಲ್ಲಿ ಜಿಗಿದ ಶೂರನ ಕೈ ಮುರಿಯಿತು.

"ದಾರ ಯಾಕ ಕಟ್ಟಿರಲಿಲ್ಲೋ?" ಎಂದರು ಮಾಲಕರು.

"ಅದನ್ನ ನೋಡೂದು ಆಕಿ ಕೆಲಸರಿ. ಆಕಿ ನನಗ ಕೊಡಲೇ ಇಲ್ಲ."

ತಂಗಿ ನನ್ನ ಮುಖ ನೋಡಿದಳು. "ಅಣ್ಣಾ, ಕೈಯಾಗ ಇಟ್ಟಿದ್ನೆಲ್ಲೋ."

ಯಾರೂ ಆಕೆಯ ಮಾತು ಕೇಳಲಿಲ್ಲ. ಮಾಲಕರು ಆಕೆಯನ್ನು ಕೆಲಸದಿಂದ ಬಿಡಿಸಿ, ರಿಪೇರಿಯಾದ ಬೋಟನ್ನು ನನಗೆ ಕೊಟ್ಟರು. ಆಕೆ ಕಿತ್ತೂರಿನಲ್ಲಿ ಒಬ್ಬ ದರ್ಜಿಯ ಕೈಕೆಳಗೆ ಜಂಪರು ಹೊಲಿಯಲು ಕುಳಿತಳು. ನಾನು ಆಕೆಯ ಸೀಟಿನಲ್ಲಿ ಕುಳಿತು, ಮಣಿಕಟ್ಟಿಗೆ ಉಡದಾರ ಬಿಗಿದುಕೊಂಡು, ಅದರ ಮಹತ್ವದ ಬಗ್ಗೆ ಗಿರಾಕಿಗಳಿಗೆ ಭಾಷಣ ಮಾಡಿದೆ. ತಂಗಿಯ ಅಜಾಗರೂಕತೆಯ ಕತೆಯನ್ನೂ ಸೇರಿಸಿ ಹೇಳುತ್ತಿದ್ದೆ. ಇಂಥ ಬಾಯಿಗೆ ಹುಳು ಬೀಳಲಿಲ್ಲವೆಂಬುದೇ ಆಶ್ಚರ್ಯ.

ಕೆಲವು ತಿಂಗಳ ನಂತರ ಮಾಲಕರು ಫೋನನ್ನು ನನ್ನ ಮುಂದೆ ಹಿಡಿದರು. "ನಿನ್ನ ತಂಗಿ ಬ್ಯಾರೆ ಕಡೆ ಬೋಟಿನ ಕೆಲಸ ಕೇಳ್ಯಾಳಂತ. ಹೆಂಗ ಓಡಸ್ತಾಳ ಅಂತ ಕೇಳಾಕ ಹತ್ಯಾರ. ಒಡಹುಟ್ಟಿದಾವ ನೀನ, ನೀನ ಹೇಳು."

ನಾನು ಇನ್ನೊಂದು ಸುಳ್ಳು ಮಾತು ಜಾರಿಸಿದ್ದರೆ ಆಕೆ ಜೀವಮಾನವಿಡೀ ಜಂಪರು ಹೊಲಿಯುತ್ತಿದ್ದಳು. "ಆಕಿದು ಏನೂ ತಪ್ಪಿಲ್ಲರಿ," ಎಂದೆ ಫೋನಿಗೆ. "ದಾರ ಕೊಟ್ಟಿದ್ಲು. ಕಟ್ಟಿಕೊಳ್ಳದಾವ ನಾನರಿ."

ಮಾಲಕರು ಫೋನು ಕಸಿದುಕೊಂಡು, "ಆ ಹುಡುಗಿ ನಮಗ ಬೇಕಾಗ್ಯಾಳ್ರಿ," ಎಂದು ಅವರಿಗೆ ಹೇಳಿ ಇಟ್ಟರು. ನನ್ನ ಕಡೆ ತಿರುಗಿದರು. "ಥೂ! ಅಣ್ಣ ಅಂತ ಅಣ್ಣ. ನಡಿ, ಜಾಕೀಟ್ ಕಟ್ಟು."

ತಂಗಿ ವಾಪಸು ಬಂದಳು, ಬೋಟಿನ ಸಲುವಾಗಿ. ನನ್ನ ಸಲುವಾಗಿ ಅಲ್ಲ. ನಾನು ಕ್ಷಮೆ ಕೇಳಿದಾಗ, "ಗಿರಾಕಿ ನಿಂತಾರ, ನೋಡು," ಎಂದಳು, ಅಷ್ಟೇ. ಈಗ ನಾನು ಒಬ್ಬೊಬ್ಬರಿಗೂ ಪಟ್ಟಿ ಬಿಗಿದು ಬೋಟಿಗೆ ಹತ್ತಿಸುತ್ತೇನೆ. ಆಕೆ ಉಡದಾರ ಕಟ್ಟಿಕೊಂಡು, ಹಿಂದೆ ತಿರುಗಿ, ನಾನು ಬಿಗಿದ ಪಟ್ಟಿಗಳನ್ನೆಲ್ಲ ಮತ್ತೊಮ್ಮೆ ತಾನೇ ಎಳೆದು ನೋಡುತ್ತಾಳೆ. ಆಮೇಲೆಯೇ ಇಂಜಿನ್ ಚಾಲೂ ಮಾಡುವುದು.