ಕಸ್ತೂರೆಮ್ಮ ಮೂಡಲ ಗೋಡೆ ಗೆದ್ದದ್ದು

ಮಸ್ಕಿಯ ಹಳೇ ಪೇಟೆಯ ಕಿರಾಣಿ ಅಂಗಡಿ ಕರಿಬಸಪ್ಪನವರ ಮನೆ ಸೂರ್ಯನಿಗೂ ಗೊತ್ತಿತ್ತು. ಆದರೆ ಹೊರಗಿನಿಂದ ಮಾತ್ರ. ಇಡೀ ರಾಯಚೂರು ಸೀಮೆಯನ್ನು ಹುರಿದು ಹಪ್ಪಳ ಮಾಡುವ ಆ ಪ್ರತಾಪಶಾಲಿ, ಈ ಮನೆಯ ಎರಡು ಮೊಳ ದಪ್ಪದ ಗೋಡೆಯ ಮುಂದೆ ಮಾತ್ರ ತಲೆಮಾರುಗಳಿಂದ ಸೋಲುತ್ತ ಬಂದಿದ್ದ. ಸೋತ ಸಿಟ್ಟನ್ನು ಹಿತ್ತಲಲ್ಲಿ ಒಣಹಾಕಿದ ಮೆಣಸಿನಕಾಯಿಯ ಮೇಲೆ ತೀರಿಸಿಕೊಂಡು ಸಂಜೆ ಲಿಂಗಸುಗೂರಿನ ಕಡೆ ಇಳಿದುಹೋಗುತ್ತಿದ್ದ.

ಮುಂದೆ ಅಂಗಡಿ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಕಟ್ಟಕಡೆಗೆ ಅಡಿಗೆಮನೆ. ರೈಲಿನ ಡಬ್ಬಿಗಳ ಹಾಗೆ ಒಂದರ ಬೆನ್ನಿಗೆ ಒಂದು, ಎಲ್ಲ ಕತ್ತಲು. ಕಿಟಕಿ ಎನ್ನುವ ವಸ್ತು ಆ ಮನೆಯಲ್ಲಿ ಇರಲಿಲ್ಲ. ನಡುಮನೆಯ ಮಣ್ಣಿನ ಮಾಳಿಗೆಯಲ್ಲಿ ಗಡಿಗೆಯ ಬಾಯಿಯಷ್ಟು ಅಗಲದ ಒಂದು ತೂತಿತ್ತು. ಅದಕ್ಕೆ ಬೆಳಕಿಂಡಿ ಎನ್ನುತ್ತಿದ್ದರು. ಮಳೆ ಬಂದಾಗ ಮಾಳಿಗೆ ಹತ್ತಿ ಅದರ ಮೇಲೆ ತಗಡು ಎಳೆಯಬೇಕು, ಮಳೆ ನಿಂತ ಮೇಲೆ ಮತ್ತೆ ಹತ್ತಿ ಸರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಅದರಿಂದ ಒಂದು ರೊಟ್ಟಿಯಷ್ಟು ಬಿಸಿಲು ಕೆಳಗೆ ಬಿದ್ದು, ನೆಲದ ಮೇಲೆ ನಿಧಾನವಾಗಿ ಸರಿದು, ಗೋಡೆ ಹತ್ತಿ ಮಾಯವಾಗುತ್ತಿತ್ತು.

ಈ ತೂತಿನ ಬಗ್ಗೆಯೇ ಕರಿಬಸಪ್ಪ ಮತ್ತು ಅವರ ಹೆಂಡತಿ ಕಸ್ತೂರೆಮ್ಮನ ನಡುವೆ ಮೂವತ್ತು ವರ್ಷದ ಮಹಾಸಮರ ನಡೆದಿತ್ತು.

ಕಸ್ತೂರೆಮ್ಮ ಸಿಂಧನೂರು ತಾಲ್ಲೂಕಿನ ಸಾಲಗುಂದದ ಮಗಳು. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಕೊನೆಗೆ ಹಿರಿಯರೊಬ್ಬರು ವಾಡಿಕೆಯಂತೆ, "ಏನರ ಕೇಳೂದಿದ್ರ ಕೇಳವ್ವಾ" ಎಂದಿದ್ದರು. ಆ ಮಾತಿಗೆ ಹುಡುಗಿ ತಲೆ ಬಗ್ಗಿಸಿ ಸೀರೆಯ ಅಂಚು ತಿರುವಬೇಕೆಂಬುದು ಲೋಕರೂಢಿ. ಈ ಹುಡುಗಿ ತಲೆ ಎತ್ತಿ ಕೇಳಿಯೇಬಿಟ್ಟಳು.

"ನಿಮ್ಮ ಮನ್ಯಾಗ ಕಿಡಕಿ ಎಷ್ಟದಾವ್ರಿ?"

ಬೀಗರ ಕಡೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹೊಲ ಎಷ್ಟು ಎಂದು ಕೇಳಿದ್ದರೆ ಉತ್ತರ ಇತ್ತು, ಅಂಗಡಿಯ ವ್ಯಾಪಾರ ಹೇಗೆ ಎಂದರೂ ಇತ್ತು. ಆಗ ಬಸಿಯಲ್ಲಿ ಚಹಾ ಹಿಡಿದು ಕೂತಿದ್ದ ವರ ಮಹಾಶಯನೇ ಬಾಯಿ ತೆರೆದು, "ಒಂದೈತಿ" ಎಂದ. ಹೇಳುವಾಗ ಚಹಾ ತುಳುಕಿತು. ಅದನ್ನು ಕಸ್ತೂರೆಮ್ಮ ನೋಡಿದಳು. ಅದರ ಅರ್ಥ ಮಾತ್ರ ಮಸ್ಕಿಗೆ ಬಂದಮೇಲೆ ತಿಳಿಯಿತು.

ಹೊಸ ಮದುಮಗಳು ಆ ಒಂದು ಕಿಟಕಿಯನ್ನು ಮನೆಯೆಲ್ಲ ಹುಡುಕಿದಳು. ಜೋಳದ ಚೀಲಗಳ ಹಿಂದೆ ನೋಡಿದಳು, ಜಗುಲಿಯ ದೇವರ ಕೋಣೆಯಲ್ಲಿ ನೋಡಿದಳು. ಕೊನೆಗೆ ಗಂಡನನ್ನೇ ಕೇಳಿದಾಗ ಆತ ಬೆರಳನ್ನು ಆಕಾಶಕ್ಕೆ ತೋರಿಸಿದ.

"ಅದು ಕಿಡಕಿ?"

"ಬೆಳಕು ಬರ್ತೈತಿಲ್ಲ?"

"ಮಳೀನೂ ಬರ್ತೈತಿ, ಹಲ್ಲೀನೂ ಬೀಳ್ತೈತಿ. ಅದರಾಗ ಹಣಿಕಿ ಹಾಕಬೇಕಂದ್ರ ನಾ ಸತ್ತು ಮ್ಯಾಲ ಹೋಗಿ ಕೆಳಗ ನೋಡಬೇಕು."

ಕರಿಬಸಪ್ಪ ಹಿಂಜರಿಯಲಿಲ್ಲ. ಅಂದಿನಿಂದ ಬೆಳಕಿಂಡಿ ಕಿಟಕಿಯೇ ಹೌದೆಂಬುದು ಆ ಮನೆತನದ ಅಧಿಕೃತ ಸಿದ್ಧಾಂತವಾಯಿತು. ಅತ್ತೆ ಅದನ್ನು ಸಾಯುವತನಕ ಸಮರ್ಥಿಸಿದಳು. ಕಸ್ತೂರೆಮ್ಮ ಪ್ರತಿ ದೀಪಾವಳಿಗೆ ಸುಣ್ಣ ಹಚ್ಚುವಾಗ, ಅಡಿಗೆಮನೆಯ ಮೂಡಲ ಗೋಡೆಗೆ ಒಂದು ಕಿಟಕಿ ಒಡೆಸಬೇಕೆಂದು ಅರ್ಜಿ ಹಾಕಿದಳು. ಪ್ರತಿ ದೀಪಾವಳಿಗೂ ಅರ್ಜಿ ವಜಾ ಆಯಿತು. ಒಂದು ವರ್ಷ ಗೋಡೆ ಹಳೆಯದು, ಒಂದು ವರ್ಷ ಕಳ್ಳರ ಕಾಟ, ಒಂದು ವರ್ಷ "ಓಣಿ ಮಂದಿ ನಮ್ಮ ಸಾರಿನ ಬಣ್ಣ ನೋಡ್ತಾರ."

ಓಣಿಯ ಮಂದಿ ನೋಡಲಿ ಎಂಬುದೇ ಅವಳ ಆಸೆಯಾಗಿತ್ತು. ಇದನ್ನು ಯಾರಿಗೂ ಬಿಡಿಸಿ ಹೇಳಲು ಅವಳಿಗೆ ಬಂದಿರಲಿಲ್ಲ.

ಸಾಲಗುಂದದ ತವರುಮನೆಯ ಒಲೆಯ ಪಕ್ಕದಲ್ಲೇ ಒಂದು ಕಿಟಕಿ ಇತ್ತು. ಅದರಾಚೆ ಕಾಲುದಾರಿ, ಅದರಾಚೆ ಭತ್ತದ ಗದ್ದೆ. ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬಿದ ದಿನಗಳಲ್ಲಿ, ಬೆಳಗಿನ ಬಿಸಿಲು ನೀರಿಗೆ ಬಡಿದು ಕಿಟಕಿಯೊಳಗೆ ನುಗ್ಗಿ ಅಡಿಗೆಮನೆಯ ಗೋಡೆಯ ಮೇಲೆ ನಡುಗುತ್ತಿತ್ತು. ನಾಟಿಗೆ ಹೋಗುವ ಹೆಂಗಸರು ಒಬ್ಬೊಬ್ಬರಾಗಿ ದಾಟುವಾಗ, "ಏನ್ ಸಾರು ಬೇ ಇವತ್ತ?" ಎಂದು ಕೇಳುತ್ತಿದ್ದರು. ಉತ್ತರಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಆದರೂ ಅವ್ವ ರೊಟ್ಟಿ ಬಡಿಯುತ್ತಲೇ ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಕೊಡುತ್ತಿದ್ದಳು. ಒಬ್ಬಳಿಗೆ ಪುಂಡಿಪಲ್ಯ ಎಂದರೆ ಇನ್ನೊಬ್ಬಳಿಗೆ "ನಿನ್ನ ಗಂಡನ ತಲಿ" ಎನ್ನುತ್ತಿದ್ದಳು. ನಗು ಗದ್ದೆಯವರೆಗೂ ಹೋಗುತ್ತಿತ್ತು. ಮಸ್ಕಿಯ ಈ ಅಡಿಗೆಮನೆಯಲ್ಲಿ ಕಸ್ತೂರೆಮ್ಮ ಮೂವತ್ತು ವರ್ಷ ಸಾರು ಮಾಡಿದ್ದಳು. ಏನು ಸಾರು ಎಂದು ದಾರಿಯಲ್ಲಿ ಹೋಗುವವರು ಒಬ್ಬರೂ ಕೇಳಿರಲಿಲ್ಲ. ಹೇಗೆ ಕೇಳಿಯಾರು, ಗೋಡೆಯೊಳಗೆ ಒಬ್ಬಳು ಇದ್ದಾಳೆಂದು ಗೊತ್ತಾಗಬೇಕಲ್ಲ.

ಹೋದ ವರ್ಷ ತವರಿಗೆ ಹೋದಾಗ ಇನ್ನೊಂದು ಆಘಾತ ಕಾದಿತ್ತು. ಅವಳ ತಮ್ಮನು ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದ. ಅಡಿಗೆಮನೆಯನ್ನು ಒಳಗೆ ತಳ್ಳಿ, ಗೋಡೆಗೆ ಹೊಗೆ ಎಳೆಯುವ ಫ್ಯಾನು ಕೂಡಿಸಿ, "ನೋಡಕ್ಕಾ, ಹೆಂಗೈತಿ?" ಎಂದು ಬೀಗಿದ. "ಚಲೋ ಐತಪ್ಪಾ" ಎಂದು ಕಸ್ತೂರೆಮ್ಮ ಫ್ಯಾನಿನ ಕಡೆಗೇ ನೋಡುತ್ತ ನಿಂತಳು. ಬಸ್ಸಿನಲ್ಲಿ ವಾಪಸಾಗುವಾಗ ಅವಳಿಗೆ ಹೊಳೆಯಿತು: ಆ ಕಿಟಕಿ ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಬೇಕೆಂದರೆ ತಾನೇ ಒಡೆಸಬೇಕು.

ಅವಕಾಶವೂ ತಾನಾಗಿ ಬಂತು. ಮಗ ಸಿದ್ದಲಿಂಗೇಶನಿಗೆ ಲಿಂಗಸುಗೂರಿನ ಶಿವಗಂಗಾ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ಮದುವೆಗೆ ಮೊದಲು ಮನೆಯನ್ನು ಹೊಸದು ಮಾಡಬೇಕೆಂದು ಅಪ್ಪ ಮಗ ಇಬ್ಬರೂ ಸೊಂಟ ಕಟ್ಟಿದರು. ನೆಲಕ್ಕೆ ಟೈಲ್ಸು, ಗೋಡೆಗೆ ಬಣ್ಣ, ಕೋಣೆಕೋಣೆಗೂ ಎಲ್ಇಡಿ ದೀಪ.

"ಅವ್ವಾ, ಸ್ವಿಚ್ ಒತ್ತಿದ್ರ ಹಗಲು" ಎಂದ ಮಗ.

"ಕರೆಂಟು ಹೋದ್ರ ಅಮಾಸಿ" ಎಂದಳು ತಾಯಿ.

ಈ ಸಲ ತಪ್ಪಿದರೆ ಇನ್ನು ಸಿಕ್ಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಟೈಲ್ಸು ಹಾಕಿ, ಬಣ್ಣ ಹಚ್ಚಿದ ಮೇಲೆ ಆ ಗೋಡೆಗೆ ಮೊಳೆ ಹೊಡೆಯಲೂ ಗಂಡ ಬಿಡುವವರಲ್ಲ. ಹಾಗಾಗಿ ಗಾರೆ ಕೆಲಸದ ಗೌಂಡಿ ಅಲ್ಲಾಭಕ್ಷ್ ಕೆಲಸ ಶುರುಮಾಡಿದ ಮುಂಜಾನೆಯೇ ಕಸ್ತೂರೆಮ್ಮ ಒಲೆಯಿಂದ ಇದ್ದಿಲು ತೆಗೆದು, ಮೂಡಲ ಗೋಡೆಯ ಮೇಲೆ ಒಂದು ದೊಡ್ಡ ಚೌಕ ಬರೆದಳು. ಸುಣ್ಣದವನು ಬಂದು ಅಳಿಸಿದ, ಮತ್ತೆ ಬರೆದಳು. ಕರಿಬಸಪ್ಪ ಒದ್ದೆ ಬಟ್ಟೆಯಿಂದ ಒರೆಸಿದರು, ಇನ್ನೂ ದೊಡ್ಡದು ಬರೆದಳು.

"ಯಜಮಾನ್ರೇ, ಒರಸಿದಷ್ಟೂ ದೊಡ್ಡದಾಗಾಕತ್ತೈತಿ" ಎಂದ ಅಲ್ಲಾಭಕ್ಷ್. "ಇನ್ನೆರಡು ಸಲ ಒರಸ್ರಿ, ಗೋಡೀನಽ ಉಳಿಯಂಗಿಲ್ಲ. ನಾ ಸಿಂಧನೂರಾಗ ಮೂರಂತಸ್ತಿನ ಮನಿ ಕಟ್ಟಿದಾಂವ. ಇದೇನ್ರಿ, ಬೆಣ್ಯಾಗ ಕೂದಲು ತಗದಂಗ ತಗೀತೀನಿ."

ಕರಿಬಸಪ್ಪ ಸೋತು, "ಹಾಳಾಗಿ ಹೋಗ್ಲಿ, ಒಡೀ" ಎಂದರು. ಅಲ್ಲಾಭಕ್ಷ್ ಹಾರೆ ಎತ್ತಿದ. ಅಷ್ಟರಲ್ಲಿ ಮಠದ ವೀರೇಶಯ್ಯನವರು ಮದುವೆಯ ಮುಹೂರ್ತ ಹೇಳಲು ಮನೆಯೊಳಗೆ ಕಾಲಿಟ್ಟರು. ಕಸ್ತೂರೆಮ್ಮನ ಹಣೆಬರಹ ಕಾಲಿಡುವುದೇ ಇಂಥ ಹೊತ್ತಿಗೆ.

"ತಡೀ ತಡೀ" ಎಂದರು ಅಯ್ಯನವರು. "ಬಾಗಿಲು ಕಿಡಕಿ ಕೂಡಿಸಿ ಲೆಕ್ಕ ಸಮ ಬರಬೇಕು. ಬೆಸ ಬಂದ್ರ ಮನಿಗೆ ಏಳಿಗಿ ಇಲ್ಲ. ಎಣಸ್ರಿ."

ಎಣಿಸಿದರು. ಬೀದಿ ಬಾಗಿಲು, ಅಂಗಡಿಯ ಒಳಬಾಗಿಲು, ದೇವರ ಕೋಣೆ, ಅಡಿಗೆಮನೆ, ಹಿತ್ತಲು. ಐದು. ಮೇಲೆ ಬೆಳಕಿಂಡಿ, ಈ ಮನೆತನದ ಏಕಮಾತ್ರ ಕಿಟಕಿ. ಆರು.

"ಈಗ ಸಮ ಐತಿ. ಹೊಸಾದು ಒಡದ್ರ ಏಳು. ಬೆಸ" ಎಂದು ಅಯ್ಯನವರು ತೀರ್ಪು ಕೊಟ್ಟರು. ಅಲ್ಲಾಭಕ್ಷ್ ಹಾರೆ ಇಳಿಸಿ ಬೀಡಿ ಹಚ್ಚಿದ.

ಸಿದ್ದಲಿಂಗೇಶನೇ ದಾರಿ ಹುಡುಕಿದ. "ಅದಕ್ಕೇನ್ರಿ ಅಯ್ಯನವರ, ಬೆಳಕಿಂಡಿ ಮುಚ್ಚಿಬಿಡೂಣು. ಒಂದು ಹೋತು, ಒಂದು ಬಂತು. ಮಳಿಗಾಲದಾಗ ಮಾಳಗಿ ಹತ್ತೋ ಕಾಟಾನೂ ತಪ್ಪತೈತಿ."

ಎಲ್ಲರೂ ತಲೆದೂಗಿದರು. ಮೂವತ್ತು ವರ್ಷದ ವೈರಿಯ ತಲೆಯನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾರೆ, ಜೊತೆಗೆ ರಾಜ್ಯವೂ ಸಿಗುತ್ತಿದೆ. ಕಸ್ತೂರೆಮ್ಮ ಕುಣಿಯಬೇಕಿತ್ತು. ಅವಳು ನಡುಮನೆಗೆ ಹೋಗಿ ನಿಂತಳು.

ಬಿಸಿಲಿನ ರೊಟ್ಟಿ ಆಗಷ್ಟೇ ನೆಲಕ್ಕೆ ಬಿದ್ದಿತ್ತು. ಸಿದ್ದಲಿಂಗೇಶ ಅಂಬೆಗಾಲಿಡುವಾಗ ಅದನ್ನು ಹಿಡಿಯಲು ಹೋಗಿ, ಸಿಗದೆ ಅತ್ತಿದ್ದು ಇಲ್ಲೇ. ಜೋಳ ಹಸನು ಮಾಡುವಾಗ ಅವಳು ಮೊರ ಹಿಡಿದು ಅದರ ಹಿಂದೆ ಹಿಂದೆ ಸರಿಯುತ್ತಿದ್ದಳು. ಅದು ಬೀಸುವ ಕಲ್ಲನ್ನು ಮುಟ್ಟಿತೆಂದರೆ ಗಂಡ ಊಟಕ್ಕೆ ಬರುವ ಹೊತ್ತು. ಅತ್ತೆ ಕೊನೆಯ ತಿಂಗಳಲ್ಲಿ ಹಾಸಿಗೆಯನ್ನು ಅದರ ಕೆಳಗೇ ಎಳೆಸಿಕೊಂಡು, ಬಿಸಿಲು ಮುಖದ ಮೇಲೆ ಬಂದಾಗ ಕಣ್ಣು ಮುಚ್ಚಿ, "ನಿನ್ನ ಕಿಡಕಿಗಿಂತ ಇದಽ ಚಲೋ ಬೇ" ಎಂದಿದ್ದಳು. ದಿನಾ ಬೈದು ಬೈದು ತಾನು ಈ ತೂತನ್ನು ಮನೆಯವರಲ್ಲಿ ಒಬ್ಬರನ್ನಾಗಿ ಮಾಡಿಕೊಂಡಿದ್ದೇನೆ ಎಂದು ಕಸ್ತೂರೆಮ್ಮನಿಗೆ ಗೊತ್ತೇ ಇರಲಿಲ್ಲ.

ಅವಳು ತಿರುಗಿ ಬಂದು, "ಅದನ್ನ ಮುಚ್ಚೂದಾದ್ರ ನನಗ ಕಿಡಕಿ ಬ್ಯಾಡ" ಎಂದಳು.

"ಏನ್ ಹೆಂಗಸಿದ್ದೀ ಮಾರಾಯ್ತಿ!" ಕರಿಬಸಪ್ಪ ಹಣೆ ಬಡಿದುಕೊಂಡರು. "ಮೂವತ್ತು ವರ್ಷ ಅದಕ್ಕ ಬೈದೀ. ಈಗ ಅದು ನಿನ್ನ ಬಳಗ ಆತೇನು?"

ಕಸ್ತೂರೆಮ್ಮ ಗಂಡನನ್ನು ನೋಡಿದಳು. ಇದ್ದಿಲ ಚೌಕ ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು, ಬಲು ವಿನಯದಿಂದ ಅಯ್ಯನವರ ಕಡೆ ತಿರುಗಿದಳು. ಆ ವಿನಯ ಕಂಡೇ ಕರಿಬಸಪ್ಪನವರಿಗೆ ಎದೆ ಧಸಕ್ಕೆಂದಿತು.

"ಅಯ್ಯನವರ, ಮಾಳಗಿ ಮ್ಯಾಲಿನ ತೂತು ಕಿಡಕಿ ಅಂತ ಶಾಸ್ತ್ರದಾಗ ಐತೇನ್ರಿ?"

ಅಯ್ಯನವರು ಗಡ್ಡ ಕೆರೆದುಕೊಂಡರು. ಶಾಸ್ತ್ರಕ್ಕೆ ಮಸ್ಕಿಯ ಮಾಳಿಗೆಗಳ ಪರಿಚಯ ಇದ್ದಂತಿರಲಿಲ್ಲ. "ಅದು ಮನೀ ಯಜಮಾನ್ರ ಮಾತಿನ ಮ್ಯಾಲ. ಅವರು ಕಿಡಕಿ ಅಂದ್ರ ಕಿಡಕಿ, ತೂತು ಅಂದ್ರ ತೂತು."

"ತೂತು ಅಂದ್ರ, ಹೊಸಾದು ಸೇರಿಸಿ ಲೆಕ್ಕ ಎಷ್ಟಾತ್ರಿ?"

"ಐದು ಬಾಗಿಲು, ಒಂದು ಕಿಡಕಿ. ಆರು. ಸಮ."

"ಅಂದ್ರ ಎರಡೂ ಇರಬಹುದು."

"ಇರಬಹುದು, ತಾಯಿ."

ಎಲ್ಲರ ಕಣ್ಣು ಕರಿಬಸಪ್ಪನವರ ಮೇಲೆ ನೆಟ್ಟಿತು. ತೂತು ಎಂದರೆ ಮೂವತ್ತು ವರ್ಷ ಕಾದ ಕೋಟೆ ಒಂದೇ ಮಾತಿಗೆ ಬಿತ್ತು. ಸಾಲಗುಂದದಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಸುಳ್ಳು ಹೇಳಿ ಹೆಣ್ಣು ತಂದಂತಾಯಿತು. ಕಿಟಕಿ ಎಂದರೆ ಮುಂದಿರುವ ಆ ಇದ್ದಿಲ ಚೌಕ ಇದ್ದಿಲಾಗಿಯೇ ಉಳಿಯಿತು. ಅವರು ಒಂದು ಸಲ ಅಂಗಡಿಯತ್ತ ನೋಡಿದರು. ಗಿರಾಕಿ ಯಾರಾದರೂ ಬಂದು ಕಾಪಾಡಬಹುದಿತ್ತು, ಯಾರೂ ಬರಲಿಲ್ಲ.

"ತೂತು" ಎಂದರು, ನೆಲ ನೋಡುತ್ತ.

"ಕೇಳಸಲಿಲ್ರಿ" ಎಂದಳು ಕಸ್ತೂರೆಮ್ಮ. ಗೆದ್ದವರು ಅಷ್ಟಾದರೂ ಸುಖಪಡಬೇಕು.

"ತೂತು, ತೂತು, ತೂತು! ಸಾಕಾತಿಲ್ಲೋ?"

"ಮತ್ತ ಅವತ್ತ ಯಾಕ ಕಿಡಕಿ ಐತಿ ಅಂದ್ರಿ?"

ಕರಿಬಸಪ್ಪ ಈಗ ತಲೆ ಎತ್ತಿದರು. ಮಗ ಇದ್ದಾನೆ, ಗೌಂಡಿ ಇದ್ದಾನೆ, ಮಠದಯ್ಯ ಇದ್ದಾರೆ ಎಂಬುದನ್ನೆಲ್ಲ ಮರೆತವರ ಹಾಗೆ, ಜಗಳದ ದನಿಯಲ್ಲೇ ಹೇಳಿದರು: "ಇಲ್ಲ ಅಂದಿದ್ರ ನೀ ಬರ್ತಿದ್ದಿಲ್ಲಲ್ಲ. ನೀ ಕಿಡಕಿ ಕಟ್ಟಿ ಮ್ಯಾಲ ಕುಂತಿದ್ದಿ, ಹಿಂದ ಎಲ್ಲಾ ಬೆಳಕು. ಅದನ್ನ ನೋಡಿ ನನಗ ನಮ್ಮ ಮನೀ ನೆನಪಾತು. ಬಾಯಿಗೆ ಬಂದಿದ್ದು ಅಂದೆ."

ಮಗ ಮುಖ ಆಚೆ ತಿರುಗಿಸಿದ, ಅಲ್ಲಾಭಕ್ಷ್ ಬೀಡಿ ಆರಿಸಿದ. ಅಯ್ಯನವರಿಗೆ ಮಾತ್ರ ಹೊಸ ಲೆಕ್ಕ ಹೊಳೆದಿತ್ತು. "ಹಂಗಾರ ಕರಿಬಸಪ್ಪಾ, ಇಷ್ಟು ವರ್ಷ ನಿಮ್ಮ ಮನಿ ಐದರ ಬೆಸದಾಗಽ ಇತ್ತು!"

"ಅದಕ್ಕಽ ನೋಡ್ರಿ ಅಂಗಡಿ ಏಳಲಿಲ್ಲ!" ಎಂದು ಕರಿಬಸಪ್ಪ ಸೋಲಿನಲ್ಲೂ ಒಂದು ಲಾಭ ಹಿಡಿದುಕೊಂಡು ಅಂಗಡಿಗೆ ಪಾರಾದರು. ಕಸ್ತೂರೆಮ್ಮ ಹೊಗೆ ಇಲ್ಲದಿದ್ದರೂ ಕಣ್ಣೊರೆಸಿಕೊಂಡು, "ಏನ್ ನೋಡ್ತೀ ಅಲ್ಲಾಭಕ್ಷ್, ಹೊಡೀ" ಎಂದಳು.

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೇನೂ ಆಗಲಿಲ್ಲ. ಗೋಡೆ ಎರಡು ಹಾರೆ ಬಾಗಿಸಿತು, ಸಿಂಧನೂರಿನ ಮೂರಂತಸ್ತಿನ ವೀರನಿಂದ ತಾಯಿತಂದೆಯರ ಹೆಸರು ಹೇಳಿಸಿತು. ಕೊನೆಗೊಂದು ಕಲ್ಲು ಹೊರಗೆ ಉರುಳಿದಾಗ ಒಳಗೆ ಬಂದ ಬೆಳಕಿಗೆ ಮೊದಲು ಕಂಡದ್ದು ಮಸಿ. ಅಟ್ಟದ ಮೇಲೆ, ಡಬ್ಬಿಗಳ ಮೇಲೆ, ತೊಲೆಗಳ ಮೇಲೆ ಮೂವತ್ತು ವರ್ಷದ ಮಸಿ. ತಾನು ಇಂಥದರಲ್ಲಿ ಅಡಿಗೆ ಮಾಡಿದೆನೇ ಎಂದು ಕಸ್ತೂರೆಮ್ಮ ನಾಚಿ, ವಾರವೆಲ್ಲ ತಿಕ್ಕಿದಳು.

ಚೌಕಟ್ಟು ಕೂಡಿಸಿ, ಸರಳು ಹಾಕಿ, ಗೋಡೆಗೆ ತಿಳಿ ಹಳದಿ ಬಣ್ಣ ಬಳಿದ ಮೇಲಿನ ಮೊದಲ ಮುಂಜಾನೆ ಅವಳು ಒಲೆಯ ಮುಂದೆ ನಿಂತು ಹೊರಗೆ ನೋಡಿದಳು. ಭತ್ತದ ಗದ್ದೆ ಇರಲಿಲ್ಲ. ಓಣಿ, ಅದರಾಚೆ ಎದುರು ಮನೆಯ ಗಾರೆ ಗಿಲಾವು ಕಿತ್ತುಹೋದ ಗೋಡೆ, ಒಂದು ಮೋಟರ್ ಸೈಕಲ್ಲು. ಬೆಳಕು ಬಂದು ಹಳದಿ ಗೋಡೆಯ ಮೇಲೆ ಬಿತ್ತು. ಅದು ನಡುಗಲಿಲ್ಲ. ನೀರಿಲ್ಲದ ಓಣಿಯ ಬೆಳಕು ಹೇಗೆ ನಡುಗೀತು? ಸುಮ್ಮನೆ ಬಂದು ಸುಮ್ಮನೆ ನಿಂತಿತು. ಆದರೂ ಅದು ಸಿಂಧನೂರಿನ ದಿಕ್ಕಿನಿಂದಲೇ ಬಂದದ್ದು ಎಂದು ಅವಳು ಅದಕ್ಕೆ ಬೆನ್ನು ಕೊಡದೆ ರೊಟ್ಟಿ ಬಡಿದಳು.

ಮಂದಿ ದಾಟಿದರು. ಕಿವಿಗೆ ಫೋನು ಹಚ್ಚಿದವರು, ಬಸ್ಸಿಗೆ ಓಡುವವರು. ಯಾರೂ ಈ ಕಡೆ ನೋಡಲಿಲ್ಲ. ಅಲ್ಲಿ ಗೋಡೆಯಿದೆ ಎಂಬುದೇ ಅವರ ರೂಢಿ. ಅಷ್ಟರಲ್ಲಿ ಅಲ್ಲಾಭಕ್ಷ್‌ನ ಹೆಂಡತಿ ಪೀರ್‌ಬೀ ಗಂಡನ ಬುತ್ತಿ ಹಿಡಿದು ಸರಸರ ಬಂದಳು. ಕಸ್ತೂರೆಮ್ಮನಿಗೆ ಏನೆಂದು ಕರೆಯಬೇಕು, ಎಷ್ಟು ಗಟ್ಟಿಯಾಗಿ ಕರೆಯಬೇಕು ಎಂಬುದೇ ಮರೆತಿತ್ತು. ಪೀರ್‌ಬೀ ಕಿಟಕಿ ದಾಟಿಯೇ ಹೋಗುವಷ್ಟರಲ್ಲಿ ಅವಳು ಕಾಲುವೆಯಾಚೆಯವರನ್ನು ಕೂಗಿದಂತೆ ಕೂಗಿದಳು.

"ಏ ಪೀರ್‌ಬೀ!"

ಪೀರ್‌ಬೀ ಬೆಚ್ಚಿ, ಬುತ್ತಿ ಎದೆಗೆ ಅವಚಿಕೊಂಡು ಹಿಂದಕ್ಕೆ ಬಂದಳು. "ಯಾ ಅಲ್ಲಾ! ಏನಾತ್ರಿ ಅಕ್ಕಾ?"

ಕಸ್ತೂರೆಮ್ಮ ಹಿಟ್ಟಿನ ಕೈಯಿಂದ ಸರಳು ಹಿಡಿದು ನಿಂತಳು.

"ಏನೂ ಆಗಿಲ್ಲ ಬೇ" ಎಂದಳು. "ಹಿಂಗಽ ಕರದೆ."